ಆಟದ ಚೀಲದೊಳಗಿನ ಗಣಿತ

ಕ್ರಿಕೆಟ್ ಪಂದ್ಯವೊಂದು ಮುಗಿದ ಮರುದಿನ ಪತ್ರಿಕೆಯನ್ನು ಬಿಡಿಸಿದವರ ಕಣ್ಣು ಮೊದಲು ಹೋಗುವುದು ಅಂಕಿಗಳ ಕಡೆಗೆ. ಯಾರು ಎಷ್ಟು ರನ್ನು ಗಳಿಸಿದರು, ಎಷ್ಟು ಓವರುಗಳಲ್ಲಿ ಎಷ್ಟು ವಿಕೆಟ್ಟುಗಳು ಉರುಳಿದವು, ಯಾರ ಸರಾಸರಿ ಏರಿತು, ಯಾರದು ಇಳಿಯಿತು ಎಂಬುದನ್ನೆಲ್ಲ ಮನೆಯ ಹಿರಿಯರಿಂದ ಹಿಡಿದು ಐದನೆಯ ತರಗತಿಯ ಹುಡುಗನವರೆಗೆ ಎಲ್ಲರೂ ಬಾಯಿಪಾಠವಾಗಿ ಒಪ್ಪಿಸಬಲ್ಲರು. ಆದರೆ ಇದೇ ಆಟಕ್ಕೆ ಇನ್ನೊಂದು ಗಣಿತವೂ ಉಂಟು. ಅದು ಮೈದಾನದ ಫಲಕದ ಮೇಲೆ ಮೂಡುವುದಿಲ್ಲ. ಅದಕ್ಕೆ ಚಪ್ಪಾಳೆಯೂ ಇಲ್ಲ. ಶಾಲೆಯ ಮೂಲೆಯ ಕೋಣೆಯಲ್ಲಿ, ಬೀಗ ಹಾಕಿದ ಬೀರುವಿನಲ್ಲಿ, ಹೊಲಿಗೆ ಬಿಡುತ್ತಿರುವ ಕಿಟ್ ಚೀಲದಲ್ಲಿ ಅದರ ವಾಸ. ತಂಡಕ್ಕೆ ಎಷ್ಟು ಬ್ಯಾಟು ಬೇಕು, ಎಷ್ಟು ಜೊತೆ ಪ್ಯಾಡು ಸಾಕು, ಎಷ್ಟು ಚೆಂಡು ತರಿಸಬೇಕು, ಅದಕ್ಕೆ ತಗಲುವ ಹಣವನ್ನು ಯಾರ ಮೇಲೆ ಎಷ್ಟು ಹೊರಿಸಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವ ಗಣಿತವದು. ಪಂದ್ಯದ ಗಣಿತವು ಗೆದ್ದವರನ್ನು ಗುರುತಿಸಿದರೆ, ಚೀಲದ ಗಣಿತವು ಆಡುವವರನ್ನೇ ಆರಿಸುತ್ತದೆ. ಅದು ತಪ್ಪಿದ ಕಡೆ, ಆಟ ಬಲ್ಲ ಮಗುವೊಂದು ಗೆರೆಯ ಆಚೆಯೇ ನಿಂತುಬಿಡುವುದುಂಟು.

ಈ ಬಗೆಯ ಲೆಕ್ಕ ಕನ್ನಡಿಗರಿಗೆ ಹೊಸದಲ್ಲ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿಯೇ ಸಂಗೀತ, ನಾಟ್ಯ, ಪಾಕಶಾಸ್ತ್ರ, ವೈದ್ಯ, ವಾಸ್ತು ಮೊದಲಾದ ಲೋಕವ್ಯವಹಾರಗಳಲ್ಲೆಲ್ಲ ಗಣಿತಕ್ಕೆ ಕೆಲಸವಿದೆಯೆಂದು ಸಾರಿದನು. 12ನೆಯ ಶತಮಾನದ ಜೈನ ಕವಿ ರಾಜಾದಿತ್ಯನು ಕನ್ನಡದಲ್ಲಿಯೇ ಗಣಿತಗ್ರಂಥಗಳನ್ನು ಬರೆದು, ಅವುಗಳಲ್ಲೊಂದಕ್ಕೆ ‘ವ್ಯವಹಾರಗಣಿತ’ವೆಂದು ಹೆಸರಿಟ್ಟನು. ಆ ಹೆಸರು ಇಂದಿನ ಕಿಟ್ ಚೀಲಕ್ಕೂ ಒಪ್ಪುತ್ತದೆ. ಇಲ್ಲಿ ಬೇಕಾದುದು ಕೂಡು, ಕಳೆ, ಗುಣಿಸು, ಭಾಗಿಸು ಎಂಬ ನಾಲ್ಕು ಕ್ರಿಯೆಗಳು, ಜೊತೆಗೆ ಶಾಲೆಯಲ್ಲಿ ಕಲಿತ ತ್ರೈರಾಶಿಕ ಮತ್ತು ಶೇಕಡಾ. ಇವಿಷ್ಟನ್ನು ಯಾವಾಗ ಎಲ್ಲಿ ಪ್ರಯೋಗಿಸಬೇಕೆಂಬ ವಿವೇಕವೊಂದಿದ್ದರೆ ಸಾಕು.

ಅಳತೆಯೇ ನ್ಯಾಯ

ಕ್ರಿಕೆಟ್ಟಿನ ಸಾಮಗ್ರಿಗೂ ಅಳತೆಗೂ ಇರುವ ನಂಟು ಬಹಳ ಹಳೆಯದು. 1771ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಚರ್ಟ್ಸಿ ಮತ್ತು ಹ್ಯಾಂಬಲ್ಡನ್ ತಂಡಗಳ ನಡುವೆ ನಡೆದ ಪಂದ್ಯದಲ್ಲಿ ವೈಟ್ ಎಂಬ ಆಟಗಾರನು ವಿಕೆಟ್ಟಿನಷ್ಟೇ ಅಗಲವಾದ ಬ್ಯಾಟನ್ನು ಹಿಡಿದು ಬಂದನು. ವಿಕೆಟ್ಟನ್ನೆಲ್ಲ ಮರದ ಹಲಗೆಯೇ ಮುಚ್ಚಿದ ಮೇಲೆ ಚೆಂಡು ಹೋಗುವುದಾದರೂ ಎಲ್ಲಿಗೆ? ಅಲ್ಲಿಯವರೆಗೆ ಬ್ಯಾಟಿನ ಅಗಲಕ್ಕೆ ಮಿತಿಯನ್ನು ಹೇಳುವ ನಿಯಮವೇ ಇರಲಿಲ್ಲ. ಹ್ಯಾಂಬಲ್ಡನ್ನಿನ ಆಟಗಾರರು ಕೂಡಲೇ ಪ್ರತಿಭಟಿಸಿ, ಬ್ಯಾಟಿನ ಅಗಲ ನಾಲ್ಕೂಕಾಲು ಅಂಗುಲವನ್ನು ಮೀರಬಾರದೆಂದು ಬರೆದು ಸಹಿ ಹಾಕಿದರು. ಬ್ಯಾಟನ್ನು ತೂರಿಸಿ ಪರೀಕ್ಷಿಸಲು ಕಬ್ಬಿಣದ ಚೌಕಟ್ಟೊಂದನ್ನೂ ಆ ಕ್ಲಬ್ಬಿನವರು ಇಟ್ಟುಕೊಂಡಿದ್ದರೆಂದು ತಿಳಿದುಬರುತ್ತದೆ. 1774ರ ನಿಯಮಾವಳಿಯಲ್ಲಿ ಆ ಮಿತಿ ಸೇರಿಕೊಂಡಿತು. ಎರಡೂವರೆ ಶತಮಾನಗಳು ಉರುಳಿದ ಮೇಲೂ ಆ ನಾಲ್ಕೂಕಾಲು ಅಂಗುಲ, ಎಂದರೆ 10.8 ಸೆಂಟಿಮೀಟರು, ಹಾಗೆಯೇ ಉಳಿದಿದೆ.

2017ರಲ್ಲಿ ಬ್ಯಾಟಿನ ದಪ್ಪಕ್ಕೂ ಮಿತಿ ಬಂದಿತು. ಅಂಚು 40 ಮಿಲಿಮೀಟರನ್ನೂ, ಒಟ್ಟು ದಪ್ಪ 67 ಮಿಲಿಮೀಟರನ್ನೂ ಮೀರುವಂತಿಲ್ಲ. ಪುರುಷರ ಪಂದ್ಯದ ಹೊಸ ಚೆಂಡಿನ ತೂಕ ಸುಮಾರು 156ರಿಂದ 163 ಗ್ರಾಮಿನೊಳಗಿರಬೇಕು. ಮಹಿಳೆಯರಿಗೂ ಚಿಕ್ಕ ಮಕ್ಕಳಿಗೂ ಅದಕ್ಕಿಂತ ಹಗುರವಾದ ಚೆಂಡುಗಳಿವೆ. ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಚೆಂಡನ್ನು ತೂಗಿ ನೋಡಿದರೆ, ಅಂಗಡಿಯವನು ಕೊಟ್ಟದ್ದು ಸರಿಯಾದ ಸರಕೋ ಅಲ್ಲವೋ ಎಂಬುದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಹನ್ನೊಂದು ವರ್ಷದ ಹುಡುಗಿಯ ಕೈಗೆ ದೊಡ್ಡವರ ಚೆಂಡನ್ನು ಕೊಟ್ಟು, ಇವಳಿಗೆ ಚೆಂಡು ತಿರುಗಿಸಲು ಬರುವುದಿಲ್ಲವೆಂದು ತೀರ್ಪು ಕೊಡುವುದು ನ್ಯಾಯವಲ್ಲ. ಅಲ್ಲಿ ಸೋತದ್ದು ಹುಡುಗಿಯ ಕೈಯಲ್ಲ, ದೊಡ್ಡವರ ಅಳತೆ.

ಎಷ್ಟು ಜೊತೆ ಇದ್ದರೆ ಸಾಕು?

ಈಗ ಒಂದು ಪ್ರೌಢಶಾಲೆಯ ತಂಡವನ್ನು ಓದುಗರು ಕಣ್ಣಮುಂದೆ ತಂದುಕೊಳ್ಳಲಿ. ಹದಿನೈದು ಮಂದಿ ಮಕ್ಕಳು, ಅಭ್ಯಾಸಕ್ಕೆ ಎರಡು ನೆಟ್ಟುಗಳು, ಒಬ್ಬರು ಪಿ.ಟಿ. ಮೇಷ್ಟ್ರು. ಸಾಮಾನು ಕೊಳ್ಳುವ ದಿನ ಎಲ್ಲರಿಗೂ ಮೊದಲು ಹೊಳೆಯುವುದು ತಲೆಗೊಂದರಂತೆ ಹದಿನೈದು ಜೊತೆಯ ಲೆಕ್ಕ. ಬೆಲೆಗಳು ಊರಿನಿಂದ ಊರಿಗೆ ಬೇರೆಯಾದ್ದರಿಂದ ಇಲ್ಲಿ ಲೆಕ್ಕದ ಅನುಕೂಲಕ್ಕಾಗಿ ದುಂಡು ಸಂಖ್ಯೆಗಳನ್ನೇ ಹಿಡಿಯಬಹುದು. ಪ್ಯಾಡಿಗೆ 1,200, ಗ್ಲೌಸಿಗೆ 700, ಹೆಲ್ಮೆಟ್ಟಿಗೆ 1,600, ತೊಡೆಗೆ ಕಟ್ಟುವ ಪ್ಯಾಡಿಗೆ 500, ಅಂತೂ ಒಂದು ಜೊತೆಗೆ 4,000 ರೂಪಾಯಿ. ಹದಿನೈದು ಜೊತೆಗೆ 60,000. ಈ ಮೊತ್ತವನ್ನು ಕೇಳಿದೊಡನೆ ಆಡಳಿತ ಮಂಡಳಿಯವರು ಕಡತವನ್ನು ಮುಚ್ಚಿಬಿಡುತ್ತಾರೆ. ಆಟ ಅಲ್ಲಿಗೇ ಮುಗಿಯುತ್ತದೆ.

ಪ್ರಶ್ನೆಯನ್ನೇ ಸ್ವಲ್ಪ ತಿದ್ದಿದರೆ ಉತ್ತರ ಬೇರೆಯಾಗುತ್ತದೆ. ತಂಡದಲ್ಲಿ ಎಷ್ಟು ಜನರಿದ್ದಾರೆಂದು ಕೇಳುವುದಕ್ಕೆ ಬದಲಾಗಿ, ಒಂದೇ ಹೊತ್ತಿನಲ್ಲಿ ಎಷ್ಟು ಜನ ಇದನ್ನು ತೊಟ್ಟಿರಬೇಕೆಂದು ಕೇಳಬೇಕು. ಮೈದಾನದಲ್ಲಿ ಬ್ಯಾಟು ಹಿಡಿದು ನಿಂತವರು ಇಬ್ಬರು. ಪೆವಿಲಿಯನ್ನಿನಲ್ಲಿ ಪ್ಯಾಡು ಕಟ್ಟಿಕೊಂಡು ಸಿದ್ಧನಾಗಿ ಕುಳಿತವನು ಒಬ್ಬ. ಒಟ್ಟು ಮೂರು. ಇಬ್ಬರು ಬೆನ್ನುಬೆನ್ನಿಗೆ ಔಟಾದರೆ ಗಡಿಬಿಡಿಯಾಗದಿರಲು ಇನ್ನೊಂದು ಸೇರಿಸಿದರೆ ನಾಲ್ಕು. ಅಭ್ಯಾಸದ ದಿನಗಳಲ್ಲಿ ಎರಡು ನೆಟ್ಟಿನೊಳಗೆ ಇಬ್ಬರು, ಹೊರಗೆ ಸರದಿ ಕಾಯುವವರು ಇಬ್ಬರು, ಅಲ್ಲಿಯೂ ನಾಲ್ಕು. ಆದುದರಿಂದ ನಾಲ್ಕು ಜೊತೆ ಸಾಕು. ಖರ್ಚು 16,000 ರೂಪಾಯಿ. ಒಂದು ಪ್ರಶ್ನೆಯ ಮಾತು ಬದಲಾದುದರಿಂದ 44,000 ರೂಪಾಯಿ ಉಳಿಯಿತು.

ಈ ‘ಮೂರು’ ಎಂಬ ಸಂಖ್ಯೆಯನ್ನು ಭಾರತದ ಮಹಿಳೆಯರು ಪುಸ್ತಕದಿಂದಲ್ಲ, ಕಷ್ಟದಿಂದ ಕಲಿತರು. ಭಾರತೀಯ ಮಹಿಳಾ ಕ್ರಿಕೆಟ್ ಸಂಘವು ಸ್ಥಾಪನೆಯಾದದ್ದು 1973ರಲ್ಲಿ. 1976ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ, ಇಲ್ಲಿಯವರೇ ಆದ ಶಾಂತಾ ರಂಗಸ್ವಾಮಿಯವರ ನಾಯಕತ್ವದಲ್ಲಿ, ಭಾರತದ ಮಹಿಳೆಯರು ವೆಸ್ಟ್ ಇಂಡೀಸಿನ ಎದುರು ತಮ್ಮ ಮೊಟ್ಟಮೊದಲ ಟೆಸ್ಟ್ ಪಂದ್ಯಕ್ಕೆ ಇಳಿದರು. ಹಣವಿಲ್ಲದ ಆ ದಿನಗಳಲ್ಲಿ ಕೆಲವು ಕಡೆ ಇಡೀ ತಂಡಕ್ಕೆ ಮೂರೇ ಬ್ಯಾಟುಗಳಿದ್ದವೆಂದು ಸಂಘದ ಕಾರ್ಯದರ್ಶಿಯಾಗಿದ್ದ ನೂತನ್ ಗಾವಸ್ಕರ್ ನೆನಪಿಸಿಕೊಂಡಿದ್ದಾರೆ. ಆರಂಭದ ಆಟಗಾರ್ತಿಯರಿಗೆ ಒಂದೊಂದು, ಮೂರನೆಯವಳಿಗೆ ಒಂದು. ಮೊದಲು ಔಟಾಗಿ ಬಂದವಳ ಬ್ಯಾಟೂ ಪ್ಯಾಡೂ ನಾಲ್ಕನೆಯವಳ ಪಾಲಿಗೆ ಬರುತ್ತಿದ್ದವು. ಇಬ್ಬರು ಆಡುವವರು, ಒಬ್ಬಳು ಕಾಯುವವಳು: ಇದಕ್ಕಿಂತ ಒಂದು ಕಡಿಮೆಯಾದರೂ ಆಟ ಸಾಗದು. ಆ ಕನಿಷ್ಠ ಸಂಖ್ಯೆಯ ಮೇಲೆಯೇ ಅವರು ಒಂದು ಪರಂಪರೆಯನ್ನು ಕಟ್ಟಿದರು. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ಭಾರತದ ಮಹಿಳೆಯರು ದಕ್ಷಿಣ ಆಫ್ರಿಕವನ್ನು ಸೋಲಿಸಿ ವಿಶ್ವಕಪ್ಪನ್ನು ಎತ್ತಿಹಿಡಿದಾಗ, ಆ ಮೂರು ಬ್ಯಾಟುಗಳ ಕಥೆ ಹಲವರ ಬಾಯಲ್ಲಿ ಮತ್ತೆ ಕೇಳಿಬಂದಿತು.

ಮೀಸಲು ಸಾಮಾನು ಕೈಗೆಟುಕುವಲ್ಲಿ ಇರದಿದ್ದರೆ ಏನಾಗುತ್ತದೆಂಬುದಕ್ಕೆ 2023ರ ನವೆಂಬರ್ 6ರಂದು ದೆಹಲಿಯಲ್ಲಿ ನಡೆದ ವಿಶ್ವಕಪ್ ಪಂದ್ಯವೇ ಸಾಕ್ಷಿ. ಶ್ರೀಲಂಕೆಯ ಏಂಜೆಲೋ ಮ್ಯಾಥ್ಯೂಸ್ ಪಿಚ್ಚಿಗೆ ಬಂದು ನಿಂತಾಗ ಅವರ ಹೆಲ್ಮೆಟ್ಟಿನ ಪಟ್ಟಿ ಕಿತ್ತುಹೋಯಿತು. ಬೇರೆ ಹೆಲ್ಮೆಟ್ಟು ಬರುವಷ್ಟರಲ್ಲಿ ನಿಗದಿಯಾದ ಎರಡು ನಿಮಿಷಗಳು ಕಳೆದುಹೋಗಿದ್ದವು. ಬಾಂಗ್ಲಾದೇಶದವರ ಮನವಿಯ ಮೇರೆಗೆ ಅಂಪೈರರು ಔಟ್ ಕೊಟ್ಟರು. ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ಒಂದು ಚೆಂಡನ್ನೂ ಎದುರಿಸದೆ ಕಾಲ ಮೀರಿ ಔಟಾದವರಲ್ಲಿ ಅವರೇ ಮೊದಲಿಗರು. ಅಷ್ಟು ದೊಡ್ಡ ಪಂದ್ಯದಲ್ಲಿ ಒಂದು ವಿಕೆಟ್ಟನ್ನು ಉರುಳಿಸಿದ್ದು ಒಂದು ಸಣ್ಣ ಪಟ್ಟಿ! ಪಂದ್ಯದ ಹಿಂದಿನ ಸಂಜೆ ಪ್ರತಿಯೊಂದು ಪಟ್ಟಿಯನ್ನೂ ಒಮ್ಮೆ ಎಳೆದು ನೋಡುವ ಅಭ್ಯಾಸವನ್ನು ಶಾಲೆಯ ತಂಡವೂ ಇಟ್ಟುಕೊಳ್ಳುವುದು ಲೇಸು.

ಆದರೆ ಹಂಚಿಕೊಳ್ಳಬಾರದ ವಸ್ತುಗಳೂ ಇವೆ. ಒಳಗೆ ಧರಿಸುವ ಗಾರ್ಡು ಆಯಾ ಹುಡುಗನದೇ ಆಗಿರಬೇಕು. 150 ರೂಪಾಯಿಯಂತೆ ಹದಿನೈದಕ್ಕೆ 2,250. ವಿಕೆಟ್ ಕೀಪರನ ಗ್ಲೌಸು, ಪ್ಯಾಡುಗಳಿಗೆ 2,000. ತಲಾ 2,500ರ ನಾಲ್ಕು ಬ್ಯಾಟುಗಳಿಗೆ 10,000. ಎಲ್ಲ ಕೂಡಿ 30,250 ರೂಪಾಯಿ. ಪ್ರತಿಯೊಬ್ಬನೂ ತನ್ನದೇ ಜೊತೆ, ತನ್ನದೇ ಬ್ಯಾಟು, ಗಾರ್ಡು ಕೊಳ್ಳುವುದಾದರೆ ಒಂದೊಂದು ಮನೆಗೂ 6,650 ರೂಪಾಯಿಯ ಹೊರೆ ಬೀಳುತ್ತಿತ್ತೆಂಬುದನ್ನು ಇಲ್ಲಿ ನೆನಪಿಡಬೇಕು. ಆ ಸಂಖ್ಯೆಗೆ ಮುಂದೆ ಕೆಲಸವಿದೆ.

ಸರಾಸರಿಯ ಮೋಸ

ಸಂಖ್ಯೆ ನಿಶ್ಚಯವಾದ ಮೇಲೆ ಅಳತೆಯ ಸರದಿ. ಇಲ್ಲಿ ಜಾಣರೂ ಎಡವುವುದುಂಟು. ಶಾಲೆಯೇ ತಂಡಕ್ಕೆ ಬೂಟುಗಳನ್ನು ಕೊಡಿಸುತ್ತದೆಂದು ಇಟ್ಟುಕೊಳ್ಳಬಹುದು. ಹದಿನೈದು ಮಕ್ಕಳಲ್ಲಿ ಒಬ್ಬನಿಗೆ 5ನೆಯ ನಂಬರು, ಮೂವರಿಗೆ 6, ಆರು ಮಂದಿಗೆ 7, ಇಬ್ಬರಿಗೆ 8, ಮೂವರಿಗೆ 9. ಎಲ್ಲವನ್ನೂ ಕೂಡಿದರೆ 108. ಹದಿನೈದರಿಂದ ಭಾಗಿಸಿದರೆ ಸರಾಸರಿ 7.2. ಇಂಥ ನಂಬರಿನ ಬೂಟನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಇಂಥ ನಂಬರಿನ ಕಾಲೂ ತಂಡದಲ್ಲಿಲ್ಲ. ಸರಾಸರಿಗೆ ಹತ್ತಿರವೆಂದು 7ನೆಯ ನಂಬರಿನ ಹದಿನೈದು ಜೊತೆ ತಂದರೆ ಸರಿಹೊಂದುವುದು ಆರು ಮಂದಿಗೆ. ಉಳಿದ ಒಂಬತ್ತು ಮಂದಿಯಲ್ಲಿ ಐವರ ಬೆರಳುಗಳು ಕಚ್ಚಿಸಿಕೊಳ್ಳುತ್ತವೆ, ನಾಲ್ವರ ಹಿಮ್ಮಡಿಗಳು ಜಾರುತ್ತವೆ.

ಗಣಿತದಲ್ಲಿ ಅತಿ ಹೆಚ್ಚು ಸಾರಿ ಬರುವ ಬೆಲೆಗೆ ‘ಬಹುಲಕ’ವೆಂಬ ಹೆಸರಿದೆ. ಈ ತಂಡದ ಬಹುಲಕ 7. ಮೀಸಲಿಗೆ ಒಂದೇ ಜೊತೆ ಹೆಚ್ಚಾಗಿ ಕೊಳ್ಳುವಷ್ಟು ಹಣವಿದ್ದರೆ 7ನೆಯದನ್ನು ಕೊಳ್ಳಬೇಕು. ಅದು ಕೆಲಸಕ್ಕೆ ಬರುವ ಸಂಭವ ಎಲ್ಲಕ್ಕಿಂತ ಹೆಚ್ಚು. ಬಹುಲಕಕ್ಕೆ ಇಷ್ಟೇ ಕೆಲಸ. ಮಿಕ್ಕುದಕ್ಕೆಲ್ಲ ಒಬ್ಬೊಬ್ಬರ ಕಾಲನ್ನೂ ಅಳೆಯುವುದೇ ದಾರಿ. ಹೆಲ್ಮೆಟ್ಟಿಗೂ ಇದೇ ನ್ಯಾಯ. ದರ್ಜಿಯ ಟೇಪನ್ನು ಹುಬ್ಬಿನ ಮೇಲಿಂದ ತಲೆಯ ಸುತ್ತ ಹಿಡಿದು ಹದಿನೈದೂ ತಲೆಗಳ ಅಳತೆಯನ್ನು ಬರೆದುಕೊಂಡು, ನಾಲ್ಕು ಹೆಲ್ಮೆಟ್ಟುಗಳಲ್ಲಿ ಯಾವ ಅಳತೆಯವು ಎಷ್ಟಿರಬೇಕೆಂದು ನಿರ್ಧರಿಸಬೇಕು. ಸಡಿಲವಾದ ಹೆಲ್ಮೆಟ್ಟು ಕಣ್ಣಿಗೆ ಅಡ್ಡ ಬರುತ್ತದೆ. ತಲೆಗೂ ಪೂರ್ಣ ರಕ್ಷಣೆ ಕೊಡುವುದಿಲ್ಲ. ಮಕ್ಕಳು ಬೆಳೆಯುವವರಾದ್ದರಿಂದ ಈ ಅಳತೆಯ ಪಟ್ಟಿಯನ್ನು ವರ್ಷಕ್ಕೊಮ್ಮೆಯಾದರೂ ಹೊಸದಾಗಿ ಬರೆಯಬೇಕು. ಕಳೆದ ವರ್ಷದ ಪಟ್ಟಿಯನ್ನು ನೋಡಿ ಈ ವರ್ಷ ಕೊಳ್ಳುವುದೆಂದರೆ, ಕಳೆದ ಯುಗಾದಿಯ ಅಳತೆಗೆ ಈ ಯುಗಾದಿಯ ಅಂಗಿ ಹೊಲಿಸಿದಂತೆ.

ಸವೆಯುವ ಚೆಂಡು

ಬ್ಯಾಟು, ಪ್ಯಾಡುಗಳು ಬಾಳುವ ವಸ್ತುಗಳು. ಚೆಂಡಾದರೋ ದಿನಸಿಯಂತೆ ತೀರಿಹೋಗುವ ವಸ್ತು. ಮನೆಯ ಯಜಮಾನಿ ತಿಂಗಳಿಗೆ ಎಷ್ಟು ಅಕ್ಕಿ ಬೇಕೆಂದು ಲೆಕ್ಕ ಹಾಕುವ ರೀತಿಯಲ್ಲಿಯೇ ಇದನ್ನೂ ಲೆಕ್ಕ ಹಾಕಬೇಕು. ಎರಡು ನೆಟ್ಟುಗಳಲ್ಲಿ ತಲಾ ನಾಲ್ವರು ಬೌಲರುಗಳು, ಎಂದರೆ ಒಂದು ದಿನಕ್ಕೆ ಎಂಟು ಚೆಂಡು. ವಾರಕ್ಕೆ ಮೂರು ದಿನದಂತೆ ಹದಿನಾರು ವಾರಗಳಿಗೆ 48 ದಿನ. ಎಂಟನ್ನು 48ರಿಂದ ಗುಣಿಸಿದರೆ 384. ಒಂದು ಚೆಂಡು ಹನ್ನೆರಡು ದಿನ ಬಾಳುವುದಾದರೆ 384ಕ್ಕೆ 32 ಚೆಂಡು ಬೇಕು. ಇದು ಶುದ್ಧ ತ್ರೈರಾಶಿಕ.

ಹನ್ನೆರಡು ದಿನ ಬಾಳಿಸುವುದು ಸುಲಭದ ಮಾತಲ್ಲ. ಟೆಸ್ಟ್ ಪಂದ್ಯದಲ್ಲಿ 80 ಓವರುಗಳಾದ ಮೇಲೆ, ಎಂದರೆ 480 ಎಸೆತಗಳಾದ ಮೇಲೆ, ನಾಯಕನು ಹೊಸ ಚೆಂಡನ್ನು ಕೇಳಬಹುದು. ಶಾಲೆಯ ನೆಟ್ಟಿನಲ್ಲಿ ಹುಡುಗನೊಬ್ಬ ದಿನಕ್ಕೆ 45 ಎಸೆತ ಹಾಕಿದರೆ ಹನ್ನೆರಡು ದಿನಕ್ಕೆ 540 ಎಸೆತಗಳಾದವು. ಟೆಸ್ಟ್ ಆಟಗಾರನ ಚೆಂಡಿಗಿಂತ ಬಡ ಶಾಲೆಯ ಚೆಂಡೇ ಹೆಚ್ಚು ದುಡಿಯುತ್ತದೆ!

ಇನ್ನು ಹತ್ತು ಪಂದ್ಯಗಳಿಗೆ ಹತ್ತು ಹೊಸ ಚೆಂಡು. ಆದರೆ ಪಂದ್ಯ ಮುಗಿದ ಮೇಲೆ ಆ ಚೆಂಡನ್ನು ಎಸೆಯಬೇಕಾಗಿಲ್ಲ. ಅದರಲ್ಲಿ ಅರ್ಧ ಆಯುಸ್ಸು, ಎಂದರೆ ಆರು ದಿನದ ಅಭ್ಯಾಸ, ಉಳಿದಿದೆಯೆಂದರೆ ಹತ್ತು ಚೆಂಡುಗಳಿಂದ ಅರವತ್ತು ಸಿಕ್ಕಿದಂತಾಯಿತು. 384ರಲ್ಲಿ 60 ಕಳೆದರೆ 324. ಹನ್ನೆರಡರಿಂದ ಭಾಗಿಸಿದರೆ 27. ಅಭ್ಯಾಸಕ್ಕೆ 27, ಪಂದ್ಯಕ್ಕೆ 10, ಒಟ್ಟು 37. ಲಂಟಾನದ ಪೊದೆಗೂ ಪಕ್ಕದ ಮನೆಯ ತೋಟಕ್ಕೂ ಕಾಣಿಕೆಯಾಗಿ ಹತ್ತಕ್ಕೊಂದು ಹೋಗುವುದೆಂದರೆ 3.7, ಮುಕ್ಕಾಲು ಚೆಂಡು ಯಾರೂ ಮಾರುವುದಿಲ್ಲವಾದ್ದರಿಂದ ನಾಲ್ಕು. ಒಟ್ಟು 41. ಆರು ಚೆಂಡಿನ ಪೆಟ್ಟಿಗೆಗಳಾದರೆ ಏಳು ಪೆಟ್ಟಿಗೆ, 42 ಚೆಂಡು. ಪಂದ್ಯದ ಚೆಂಡುಗಳನ್ನು ಮರಳಿ ಬಳಸದಿದ್ದರೆ ಎಂಟು ಪೆಟ್ಟಿಗೆ ಬೇಕಾಗುತ್ತಿತ್ತು. ಇಂಥ ಲೆಕ್ಕಗಳಲ್ಲಿ ಭಿನ್ನರಾಶಿಯನ್ನು ಯಾವಾಗಲೂ ಮೇಲಕ್ಕೆ ದುಂಡು ಮಾಡಬೇಕೆಂಬುದು ಇನ್ನೊಂದು ಪಾಠ. ಪಠ್ಯಪುಸ್ತಕದಲ್ಲಿ ಅರ್ಧಕ್ಕಿಂತ ಕಡಿಮೆಯಾದುದನ್ನು ಬಿಟ್ಟುಬಿಡಬಹುದು. ಮೈದಾನದಲ್ಲಿ ಹಾಗೆ ಬಿಟ್ಟ ಕಾಲು ಭಾಗವೇ ಕೊನೆಯ ಪಂದ್ಯದ ದಿನ ಇಲ್ಲದ ಚೆಂಡಾಗಿ ಕಾಡುತ್ತದೆ.

ಅಗ್ಗದ ಚೆಂಡು ಕೊಂಡರಾಗದೆ ಎಂಬ ಪ್ರಶ್ನೆ ಸಹಜ. 300 ರೂಪಾಯಿಯ ಚೆಂಡು ಆರು ದಿನ ಬಾಳಿದರೆ ದಿನಕ್ಕೆ 50 ರೂಪಾಯಿ ಬಿದ್ದಿತು. 480 ರೂಪಾಯಿಯದು ಹನ್ನೆರಡು ದಿನ ಬಾಳಿದರೆ ದಿನಕ್ಕೆ 40. ಕೈಗೆ ಅಗ್ಗವಾದದ್ದು ಲೆಕ್ಕಕ್ಕೆ ತುಟ್ಟಿ. ಆದರೆ ಯಾವ ಚೆಂಡು ಎಷ್ಟು ದಿನ ಬಾಳಿತೆಂದು ತಿಳಿಯಬೇಕಾದರೆ, ಹೊಸ ಚೆಂಡನ್ನು ಹೊರತೆಗೆದ ದಿನ ಅದಕ್ಕೊಂದು ಸಂಖ್ಯೆ ಕೊಟ್ಟು ತಾರೀಖನ್ನು ಬರೆದಿಡಬೇಕು. ಅಂಗಡಿಯವನ ಮಾತಿಗಿಂತ ಆ ಪುಟ್ಟ ಬರವಣಿಗೆಯೇ ಹೆಚ್ಚು ನಂಬಿಕೆಗೆ ಅರ್ಹ. 480ರಂತೆ 42 ಚೆಂಡಿಗೆ 20,160 ರೂಪಾಯಿ.

ಅಂಗಡಿಯ ಶೇಕಡಾ

ಕೊಳ್ಳುವ ದಿನ ಶೇಕಡಾ ಲೆಕ್ಕದ ಪರೀಕ್ಷೆ. ಒಬ್ಬ ವ್ಯಾಪಾರಿ ಶೇಕಡಾ 20 ರಿಯಾಯಿತಿ ಕೊಟ್ಟು, ಶಾಲೆಯೆಂಬ ಕಾರಣಕ್ಕೆ ಅದರ ಮೇಲೆ ಇನ್ನೂ ಶೇಕಡಾ 10 ಬಿಡುತ್ತೇನೆನ್ನುತ್ತಾನೆ. ಕೇಳಿದವರು ಮನಸ್ಸಿನಲ್ಲಿಯೇ ಕೂಡಿ ಶೇಕಡಾ 30 ಎಂದು ಹಿಗ್ಗುತ್ತಾರೆ. 10,000 ರೂಪಾಯಿಯ ಸಾಮಾನಿಗೆ ಮೊದಲ ರಿಯಾಯಿತಿ ಕಳೆದರೆ 8,000. ಎರಡನೆಯದು ಈ 8,000ಕ್ಕೆ ಅನ್ವಯಿಸುವುದರಿಂದ ಕಳೆಯುವುದು 800 ಮಾತ್ರ, ಕೊಡಬೇಕಾದುದು 7,200. ನಿಜವಾದ ರಿಯಾಯಿತಿ ಶೇಕಡಾ 28. ದೂರದ ಊರಿನ ಮತ್ತೊಬ್ಬನು ಒಂದೇ ಸಾರಿಗೆ ಶೇಕಡಾ 30 ಬಿಟ್ಟು 7,000ಕ್ಕೆ ಕೊಡಬಹುದು. ಆದರೆ ಲಾರಿಯ ಬಾಡಿಗೆ 300 ಸೇರಿದರೆ 7,300 ಆಗಿ, ಪಕ್ಕದ ಬೀದಿಯವನೇ ಅಗ್ಗವಾಗುತ್ತಾನೆ. ಎಲ್ಲವನ್ನೂ ಮನೆಯ ಬಾಗಿಲಿಗೆ ಬಂದು ಬೀಳುವ ಬೆಲೆಗೆ ಇಳಿಸಿದ ಮೇಲೆಯೇ ಹೋಲಿಸಬೇಕು.

ಯಾರ ಪಾಲು ಎಷ್ಟು?

ಇಲ್ಲಿಂದ ಮುಂದಿನದೇ ನಿಜವಾಗಿ ಕಠಿಣವಾದ ಲೆಕ್ಕ. ಮೊದಲ ವರ್ಷ ಬಾಳುವ ಸಾಮಾನಿಗೆ 30,250, ಚೆಂಡಿಗೆ 20,160, ಒಟ್ಟು 50,410 ರೂಪಾಯಿ ಕೈಯಿಂದ ಹೋಗುತ್ತದೆ. ಆದರೆ ಪ್ರತಿವರ್ಷವೂ ಇಷ್ಟು ಬೇಕಿಲ್ಲ. ಬ್ಯಾಟುಗಳು ಎರಡು ವರ್ಷ ಬಂದರೆ ವರ್ಷಕ್ಕೆ 5,000, ನಾಲ್ಕು ಜೊತೆ ಸಾಮಾನು ನಾಲ್ಕು ವರ್ಷ ಬಂದರೆ 4,000, ಕೀಪರನದು 500, ಗಾರ್ಡುಗಳು ಮೂರು ವರ್ಷಕ್ಕೆಂದರೆ 750. ಇವು 10,250, ಚೆಂಡಿನದು ಸೇರಿದರೆ ವರ್ಷದ ನಿಜವಾದ ಖರ್ಚು 30,410. ಆ 10,250ನ್ನು ಪ್ರತಿವರ್ಷವೂ ತಪ್ಪದೆ ಬ್ಯಾಂಕಿನಲ್ಲಿಟ್ಟರೆ, ಬ್ಯಾಟು ಸೀಳಿದ ದಿನ ಯಾರ ಮನೆಯ ಮುಂದೆಯೂ ನಿಲ್ಲಬೇಕಾಗುವುದಿಲ್ಲ. ಬೆಲೆಗಳು ಏರುವುದರಿಂದ ಸ್ವಲ್ಪ ಹೆಚ್ಚೇ ಇಡುವುದು ಜಾಣತನ.

30,410ನ್ನು ಹದಿನೈದರಿಂದ ಭಾಗಿಸಿದರೆ ತಲೆಗೆ ಸುಮಾರು 2,027 ರೂಪಾಯಿ. ಸ್ವಂತಕ್ಕೆ ಕೊಳ್ಳುವ 6,650ರ ಎದುರಿಗೆ ಇದು ಎಷ್ಟೋ ವಾಸಿ. ಎಲ್ಲರಿಗೂ ಸಮವಾದ ಪಾಲು. ನೋಡಲು ಇದಕ್ಕಿಂತ ನ್ಯಾಯವಾದ ಭಾಗಾಕಾರವಿಲ್ಲ. ಆದರೆ ಹದಿನೈದು ಮನೆಗಳು ಸಮನಾಗಿಲ್ಲ. ಬ್ಯಾಂಕಿನ ಅಧಿಕಾರಿಯ ಮಗನಿಗೆ ಇದು ಒಂದು ಸಂಜೆಯ ಹೋಟೆಲಿನ ಖರ್ಚಾದರೆ, ಆಟೋ ಓಡಿಸುವವರ ಮಗನಿಗೆ ಅದು ಮನೆಯ ಹಲವು ದಿನಗಳ ಊಟ. ಎರಡನೆಯ ಹುಡುಗ ಮನೆಯಲ್ಲಿ ಕೇಳುವುದೇ ಇಲ್ಲ. ಸಂಜೆ ಪಾಠವಿದೆಯೆಂದೋ ಮೊಣಕಾಲು ನೋವೆಂದೋ ಹೇಳಿ ಮೆಲ್ಲನೆ ದೂರವಾಗುತ್ತಾನೆ. ಹಾಗೆ ಮೂವರು ಹೋದರೆಂದು ಇಟ್ಟುಕೊಂಡರೆ, ನೆಟ್ಟುಗಳು ಎರಡೇ, ಪಂದ್ಯಗಳು ಹತ್ತೇ ಆದ್ದರಿಂದ ಖರ್ಚು ಹೆಚ್ಚು ಕಡಿಮೆ ಅಷ್ಟೇ ಉಳಿಯುತ್ತದೆ. ಅದನ್ನು ಹನ್ನೆರಡರಿಂದ ಭಾಗಿಸಿದರೆ ತಲೆಗೆ 2,534. ನಿನ್ನೆಯವರೆಗೆ ಹೇಗೋ ಕೊಡುತ್ತಿದ್ದ ನಾಲ್ಕನೆಯ ಮನೆ ಇಂದು ಕೈಚೆಲ್ಲುತ್ತದೆ. ಅದು ಹೋದರೆ ಐದನೆಯದು. ಹನ್ನೊಂದು ಮಂದಿಯೂ ಸಿಗದೆ ತಂಡವೇ ಕರಗುವುದು ಹೀಗೆ. ಸಮಪಾಲೆಂಬ ಸಾಧುವಾದ ಭಾಗಾಕಾರವೇ ತಂಡವನ್ನು ಒಳಗಿನಿಂದ ಕೊರೆಯಬಲ್ಲದು.

ಪರಿಹಾರವೂ ಅದೇ ಗಣಿತದಲ್ಲಿದೆ. ಸಾಮರ್ಥ್ಯವಿರುವ ಐದು ಮನೆಗಳು 3,000ದಂತೆ ಕೊಟ್ಟರೆ 15,000. ಇನ್ನೈದು 1,500ರಂತೆ ಕೊಟ್ಟರೆ 7,500. ಉಳಿದ ಐವರಿಂದ ಏನೂ ಬೇಡ. ಆಗ ಸೇರುವುದು 22,500, ಕೊರತೆ 7,910. ಅದನ್ನು ಶಾಲೆಯ ನಿಧಿಯಿಂದಲೋ ಹಳೆಯ ವಿದ್ಯಾರ್ಥಿಗಳಿಂದಲೋ ತುಂಬಿಸಬಹುದು. 50,410 ರೂಪಾಯಿ ಕೊಡಿರೆಂದು ಕೇಳುವುದಕ್ಕೂ 7,910 ರೂಪಾಯಿ ಕೊರತೆಯಾಗಿದೆಯೆಂದು ಲೆಕ್ಕದ ಹಾಳೆಯನ್ನು ಮುಂದಿಡುವುದಕ್ಕೂ ಅಜಗಜಾಂತರವಿದೆ. ಹೆಚ್ಚು ಕೊಡುವ ಮನೆಗೂ ಇದರಲ್ಲಿ ನಷ್ಟವಿಲ್ಲ. 3,000 ರೂಪಾಯಿಗೆ ಅದು ಪಡೆಯುವುದು ಪೂರ್ಣವಾದ ತಂಡವನ್ನು. ಬೌಲರುಗಳೇ ಇಲ್ಲದ ನೆಟ್ಟಿನಲ್ಲಿ 6,650ರ ಸ್ವಂತ ಸಾಮಾನು ತೊಟ್ಟ ಮಗ ಯಾರ ಚೆಂಡನ್ನು ಹೊಡೆಯಬೇಕು? ಒಂದೇ ಎಚ್ಚರಿಕೆಯೆಂದರೆ, ಯಾರು ಎಷ್ಟು ಕೊಟ್ಟರೆಂಬ ಪಟ್ಟಿ ಮೇಷ್ಟರ ಬೀರುವಿನಿಂದ ಆಚೆ ಬರಕೂಡದು. ಚೀಲದೊಳಗಿನ ಬ್ಯಾಟಿನ ಮೇಲೆ ಯಾರ ಹೆಸರೂ ಇರದಿರುವುದೇ ಅದರ ಘನತೆ.

ಲೆಕ್ಕ ನಿಲ್ಲುವ ಜಾಗ

ಒಂದು ವಸ್ತುವಿನ ವಿಷಯದಲ್ಲಿ ಮಾತ್ರ ವರ್ಷಗಳ ಲೆಕ್ಕ ನಡೆಯದು; ಅದು ಹೆಲ್ಮೆಟ್ಟು. ಆಸ್ಟ್ರೇಲಿಯದ ಫಿಲಿಪ್ ಹ್ಯೂಸ್ 2014ರ ನವೆಂಬರ್ 25ರಂದು ಸಿಡ್ನಿಯಲ್ಲಿ ಆಡುತ್ತಿದ್ದಾಗ, ಹೆಲ್ಮೆಟ್ಟು ಮುಚ್ಚದಿದ್ದ ಕುತ್ತಿಗೆಯ ಭಾಗಕ್ಕೆ ಚೆಂಡು ತಗುಲಿ ಬಿದ್ದರು. ಎರಡು ದಿನಗಳ ಬಳಿಕ ತೀರಿಕೊಂಡರು. ಅವರಿಗೆ ಆಗ 25 ವರ್ಷ. ಆ ದುರಂತದ ಬಳಿಕ ಕುತ್ತಿಗೆಯ ಹಿಂಬದಿಯನ್ನು ಕಾಯುವ ರಕ್ಷಾಕವಚಗಳು ಬಳಕೆಗೆ ಬಂದವು. ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟು ಹೊರಗೆ ನೋಡಲು ಹೊಸದರಂತೆಯೇ ಇರಬಹುದು. ಆದರೆ ಪೆಟ್ಟನ್ನು ಹೀರಿಕೊಳ್ಳುವ ಒಳಪದರ ಒಮ್ಮೆ ಕುಗ್ಗಿದರೆ ಎರಡನೆಯ ಪೆಟ್ಟನ್ನು ತಡೆಯುವ ಶಕ್ತಿ ಅದಕ್ಕಿರುವುದಿಲ್ಲ. ನಾಲ್ಕು ವರ್ಷಕ್ಕೆಂದು ಕೊಂಡದ್ದು ನಾಲ್ಕನೆಯ ದಿನವೇ ಪೆಟ್ಟು ತಿಂದರೂ, ಪುಸ್ತಕದಲ್ಲಿ ಅದರ ಬೆಲೆಯನ್ನು ಸೊನ್ನೆಯೆಂದು ಬರೆದು ಬದಲಾಯಿಸಬೇಕು. 1,600 ರೂಪಾಯಿ ನಷ್ಟವಾಯಿತೆಂದು ಮರುಗುವವರು, ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆಯೆಂಬುದನ್ನು ನೆನೆಯಲಿ. ಉಳಿದೆಲ್ಲ ಕಡೆ ಕಾಸಿಗೆ ಕಾಸು ಕೂಡಿಟ್ಟದ್ದು ಇಂಥ ದಿನ ಯೋಚಿಸದೆ ಖರ್ಚು ಮಾಡಲೆಂದೇ ಅಲ್ಲವೆ?

ಪುಸ್ತಕ ಬರೆಯುವ ಕೈ

ಇಷ್ಟೆಲ್ಲ ಲೆಕ್ಕ ನಿಲ್ಲುವುದು ಒಂದು ಸಾದಾ ಪುಸ್ತಕದ ಮೇಲೆ. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ ಎಂಬ ಗಾದೆ ಹುಟ್ಟಿದ್ದು ಬರೆದಿಡದೆ ಕೊಟ್ಟವರ ಅನುಭವದಿಂದಲೇ ಇರಬೇಕು. ಯಾವ ದಿನ, ಯಾವ ವಸ್ತು, ಯಾರ ಕೈಗೆ, ಮರಳಿದ್ದು ಯಾವಾಗ ಎಂಬ ನಾಲ್ಕು ಕಲಮುಗಳಿದ್ದರೆ ಸಾಕು. ಸಂಜೆ ಚೀಲ ಕಟ್ಟುವಾಗ ಎಣಿಕೆಯೂ ಸುಲಭ. ಸ್ಟಂಪು ಆರು, ಬೇಲ್ಸು ನಾಲ್ಕು. ಪ್ಯಾಡು, ಗ್ಲೌಸುಗಳು ಜೋಡಿಯ ವಸ್ತುಗಳಾದ್ದರಿಂದ ಎಣಿಕೆ ಬೆಸವಾಗಿ ಬಂದರೆ ಏನೋ ಮೈದಾನದಲ್ಲಿ ಉಳಿಯಿತೆಂದು ತಕ್ಷಣ ತಿಳಿಯುತ್ತದೆ. ಆದರೆ ಸಮಸಂಖ್ಯೆ ಬಂದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಎಂಟು ಗ್ಲೌಸುಗಳಲ್ಲಿ ಐದು ಎಡಗೈಯವೂ ಮೂರು ಬಲಗೈಯವೂ ಇರಬಹುದಷ್ಟೆ!

ಈ ಪುಸ್ತಕವನ್ನು ಮೇಷ್ಟರೇ ಬರೆಯಬೇಕೆಂದಿಲ್ಲ. ತಿಂಗಳಿಗೊಬ್ಬರಂತೆ ಮಕ್ಕಳೇ ಬರೆದರೆ, ತರಗತಿಯಲ್ಲಿ ಆಕಳಿಸುತ್ತ ಕಲಿತ ಶೇಕಡಾ ಮತ್ತು ತ್ರೈರಾಶಿಕಗಳಿಗೆ ಜೀವ ಬರುತ್ತದೆ. ಚೆಂಡಿಗೆ ದಿನಕ್ಕೆ 40 ರೂಪಾಯಿ ಬೀಳುತ್ತದೆಂದು ತನ್ನ ಕೈಯಿಂದಲೇ ಲೆಕ್ಕ ಹಾಕಿದ ಹುಡುಗ, ಪೊದೆಯಲ್ಲಿ ಬಿದ್ದ ಚೆಂಡನ್ನು ಇನ್ನೂ ಐದು ನಿಮಿಷ ಹುಡುಕುತ್ತಾನೆ. ಬ್ಯಾಟಿನ ಸರದಿ ಯಾರಿಗೆ ಎಷ್ಟು ಹೊತ್ತು ಸಿಕ್ಕಿತೆಂದು ಬರೆದ ಹುಡುಗಿ, ಎರಡು ವಾರಗಳಿಂದ ಬರಿಯ ಫೀಲ್ಡಿಂಗ್ ಮಾಡುತ್ತಿರುವ ಗೆಳತಿಯೊಬ್ಬಳ ಹೆಸರಿನ ಮುಂದೆ ಖಾಲಿ ಜಾಗವನ್ನು ಕಂಡು ಮೇಷ್ಟರಿಗೆ ತಿಳಿಸುತ್ತಾಳೆ. ಅಂಥ ಖಾಲಿ ಜಾಗವನ್ನು ತೋರಿಸಿಕೊಡುವುದಕ್ಕಿಂತ ದೊಡ್ಡ ಉಪಕಾರವನ್ನು ವ್ಯವಹಾರಗಣಿತವು ಒಂದು ತಂಡಕ್ಕೆ ಮಾಡಲಾರದು.